ನಂಬರ್ ಒನ್ ಮದರ್‌ಬೋರ್ಡ್ ಕಂಪನಿ ಯಾವುದು? ಕೇಳಬೇಕಾದ ಪ್ರಶ್ನೆ ಅದಲ್ಲ

ಏಸಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್. ನಾಲ್ಕೂ ತೈವಾನಿನವು, ಯಾವ ಪಟ್ಟಿ ತೆಗೆದರೂ ಮೇಲೆ ಇವೇ. ಬಯೋಸ್ಟಾರ್, ಇಸಿಎಸ್ ಆಮೇಲೆ. ಆದರೆ ಇಂಡಸ್ಟ್ರಿಯಲ್ಲಿ ಈ ಸಾಲು ನಿಲ್ಲೋದು ಎಷ್ಟು ಬೋರ್ಡ್ ಮಾರಿದರು ಅನ್ನೋದರ ಮೇಲೆ. ಬೋರ್ಡ್ ಎಷ್ಟು ಗಟ್ಟಿ ಅನ್ನೋದು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಓವರ್‌ಕ್ಲಾಕ್ ಮಾಡೋರು, ಅಂದರೆ ಸಿಪಿಯುವನ್ನ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸೋರು, ತಲೆ ಮೇಲೆ ಹೊತ್ತು ಮೆರೆಸಿದ ಎಬಿಟ್ 2008ರ ಕೊನೆಗೆ ಬಾಗಿಲು ಹಾಕಿತು. 2002ರಲ್ಲಿ ಏಸಸ್‌ನಿಂದ ಕವಲೊಡೆದು ಅಗ್ಗದ ಬೋರ್ಡ್ ಮಾಡ್ತಿದ್ದ ಎಎಸ್‌ರಾಕ್ ಈಗ ಮೊದಲ ನಾಲ್ಕರಲ್ಲಿದೆ.

ಚಿಪ್‌ಸೆಟ್ (ಸಿಪಿಯು ಜೊತೆ ಉಳಿದ ಭಾಗಗಳನ್ನ ಜೋಡಿಸೋ ಚಿಪ್) ಎಲ್ಲರಿಗೂ ಇಂಟೆಲ್ ಅಥವಾ ಎಎಂಡಿಯಿಂದಲೇ ಬರುತ್ತೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಮುಖ್ಯವಾಗಿ ವಿಆರ್‌ಎಂನಲ್ಲಿ, ಅಂದರೆ ಪವರ್ ಸಪ್ಲೈ ಕೊಡೋ 12 ವೋಲ್ಟನ್ನು ಸಿಪಿಯುಗೆ ಬೇಕಾದ ಸುಮಾರು 1.25 ವೋಲ್ಟಿಗೆ ಇಳಿಸೋ ಭಾಗದಲ್ಲಿ. ಸಿಪಿಯು 200 ವ್ಯಾಟ್ ಎಳೆದರೆ ಅಲ್ಲಿ ಹರಿಯೋದು 160 ಆಂಪಿಯರ್. ಈ ಕರೆಂಟ್ ಹಂಚಿಕೊಳ್ಳೋ ಘಟಕಗಳೇ ಪವರ್ ಸ್ಟೇಜ್; ಎಂಟು ಇದ್ದರೆ ತಲಾ 20, ನಾಲ್ಕೇ ಇದ್ದರೆ ತಲಾ 40. ಕರೆಂಟ್ ಎರಡು ಪಟ್ಟಾದರೆ ರೆಸಿಸ್ಟೆನ್ಸ್‌ನಿಂದ ಹುಟ್ಟೋ ಶಾಖ ನಾಲ್ಕು ಪಟ್ಟು. ಸ್ಟೇಜ್ ಅರ್ಧ ಕಮ್ಮಿ ಇದ್ದರೂ ಒಟ್ಟು ಶಾಖ ದುಪ್ಪಟ್ಟು. ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದಿದ್ದರೆ ಮುಗೀತು: ವಿಆರ್‌ಎಂ ಕಾದು, ಬೋರ್ಡ್ ಸಿಪಿಯು ವೇಗವನ್ನೇ ಕಡಿತ ಮಾಡುತ್ತೆ. ಜನ ಸಿಪಿಯು ಕೂಲರ್ ಬದಲಾಯಿಸ್ತಾ ಕೂತಿರ್ತಾರೆ.

ಡಬ್ಬದ ಮೇಲಿನ '14+2+1' ಅನ್ನೋ ಸ್ಟೇಜ್ ಲೆಕ್ಕ ನೋಡಿ ಮರುಳಾಗಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಆ 14 ಅಂದರೆ ಏಳು ಸಿಗ್ನಲ್, ಒಂದೊಂದಕ್ಕೆ ಎರಡೆರಡು ಸ್ಟೇಜ್. ಅದು ಕೆಟ್ಟದ್ದೇನಲ್ಲ, ಆದರೆ ನಿಜವಾದ 14 ಫೇಸ್ (ತಲಾ ಒಂದು ಸ್ವಂತ ಸಿಗ್ನಲ್ ಇರೋ ಸಾಲು) ಅಲ್ಲ. ಒಂದೊಂದು ಸ್ಟೇಜ್ ಎಷ್ಟು ಆಂಪಿಯರ್‌ದು, 50ಆ 90ಆ, ಅದನ್ನ ನೋಡಿ.

ಇನ್ನು ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡೋ ಬೋರ್ಡಿನ ಸಾಫ್ಟ್‌ವೇರ್. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಸಿಪಿಯುಗಳು ಸಾಕೆಟ್‌ನಲ್ಲೇ ಸುಟ್ಟಾಗ ಎಎಂಡಿ ಎಸ್‌ಒಸಿ ವೋಲ್ಟೇಜಿಗೆ (ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್ ಮುಂತಾದವಕ್ಕೆ ಹೋಗೋದು) 1.3 ವೋಲ್ಟಿನ ಮಿತಿ ಹಾಕಿತು. ಆ ವೋಲ್ಟೇಜ್ ನಿಗದಿ ಮಾಡೋದು ಬಯೋಸೇ, ಹಾಗಾಗಿ ಕಂಪನಿಗಳೆಲ್ಲ ಹೊಸದನ್ನ ಬಿಡಬೇಕಾಯ್ತು. ಯಾವ ಕಂಪನಿಯನ್ನಾದರೂ ಅಳೆಯಬೇಕಾ? ಅವರದೇ ಎರಡು ತಲೆಮಾರು ಹಳೆಯ, ಕಡಿಮೆ ಬೆಲೆಯ ಬೋರ್ಡಿನ ಸಪೋರ್ಟ್ ಪುಟ ತೆರೆದು ಕೊನೆಯ ಬಯೋಸ್ ತಾರೀಖು ನೋಡಿ. ದುಬಾರಿ ಬೋರ್ಡಿಗೆ ಎಲ್ಲರೂ ಅಪ್‌ಡೇಟ್ ಕೊಡ್ತಾರೆ ಬಿಡಿ.

ಕೊಳ್ಳೋ ಮುಂಚೆ ಮ್ಯಾನ್ಯುಯಲ್ ಪಿಡಿಎಫ್ ಇಳಿಸಿಕೊಂಡು ಎಂ.2 (ಎಸ್‌ಎಸ್‌ಡಿ ಕೂರಿಸೋ ಸ್ಲಾಟ್) ಪುಟದ ಅಡಿಟಿಪ್ಪಣಿ ಓದಿ. ಎರಡನೇ ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದರೆ ಹಾರ್ಡ್ ಡಿಸ್ಕ್ ಜೋಡಿಸೋ ಎರಡು ಸಾಟಾ ಪೋರ್ಟ್ ಸತ್ತುಹೋಗುತ್ತೆ ಅನ್ನೋ ಥರದ ಮಾತು ಜಾಹೀರಾತಲ್ಲಿ ಇರಲ್ಲ, ಅಲ್ಲೇ ಇರೋದು. ಸಪೋರ್ಟ್ ಪುಟದ ಸಿಪಿಯು ಪಟ್ಟಿಯಲ್ಲಿ ನಿಮ್ಮ ಸಿಪಿಯು ಎದುರು ಯಾವ ಬಯೋಸ್ ವರ್ಷನ್ ಬರೆದಿದೆ ನೋಡಿ. ಅಂಗಡಿ ಸ್ಟಾಕ್‌ನಲ್ಲಿರೋ ಬೋರ್ಡಿನ ಬಯೋಸ್ ಅದಕ್ಕಿಂತ ಹಳೆಯದಾದರೆ, ಸಿಪಿಯು ಇಲ್ಲದೆ ಪೆನ್‌ಡ್ರೈವ್‌ನಿಂದ ಬಯೋಸ್ ಏರಿಸೋ ಫ್ಲ್ಯಾಶ್‌ಬ್ಯಾಕ್ ಬಟನ್ ಇಲ್ಲದ ಬೋರ್ಡ್ ಆನ್ ಆಗದೇ ಇರಬಹುದು. ಒಂದೇ ಮಾಡೆಲ್ ಹೆಸರಲ್ಲಿ ರಿವಿಷನ್ 1.0, 1.1 ಅಂತ ಬೇರೆ ಬೇರೆ ಬರೋದೂ ಉಂಟು, ಒಳಗಿನ ಬಿಡಿಭಾಗ ಬದಲಾಗಿರುತ್ತೆ. ರಿವ್ಯೂದಲ್ಲಿ ಹೊಗಳಿಸಿಕೊಂಡಿದ್ದು ಯಾವ ರಿವಿಷನ್, ನಿಮ್ಮ ಕೈಗೆ ಬಂದಿದ್ದು ಯಾವುದು ಅಂತ ಬೋರ್ಡಿನ ಮೇಲಿನ ಅಚ್ಚು ನೋಡಿ ತಾಳೆ ಹಾಕಿ.