ರಿಕಿ ಸ್ಕ್ಯಾಗ್ಸ್: ಜೊತೆದನಿಯಾಗಿ ಬೆಳೆದ ಗಾಯಕ

ವೀಕ್ಷಕರೆಲ್ಲರಿಗೂ ನಮಸ್ಕಾರ. ಇಂದಿನ ವ್ಲಾಗ್‌ನಲ್ಲಿ ನಾನು ಹೇಳಹೊರಟಿರುವುದು ಅಮೆರಿಕದ ಬ್ಲೂಗ್ರಾಸ್ ಮತ್ತು ಕಂಟ್ರಿ ಸಂಗೀತಗಾರ ರಿಕಿ ಸ್ಕ್ಯಾಗ್ಸ್ ಅವರ ಬದುಕಿನ ಬಗ್ಗೆ. ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಜನಪ್ರಿಯ ಸಂಗೀತ, ಬ್ಲೂಗ್ರಾಸ್ ಎಂದರೆ ಅದರದೇ ಒಂದು ಕವಲು, ತಂತಿವಾದ್ಯಗಳ ತಂಡದ ಸಂಗೀತ. ಹದಿನೈದು ಗ್ರ್ಯಾಮಿ ಪ್ರಶಸ್ತಿಗಳನ್ನು ಪಡೆದವರು ಎಂದು ಅವರನ್ನು ಪರಿಚಯಿಸುವುದು ವಾಡಿಕೆ. ಆದರೆ ಅವರ ಧ್ವನಿಮುದ್ರಿಕೆಗಳನ್ನು ಬಹಳ ಕಾಲದಿಂದ ಕೇಳುತ್ತ ಬಂದಿರುವ ನನಗೆ ಮುಖ್ಯವೆನಿಸುವ ಸಂಗತಿ ಬೇರೆಯೇ ಇದೆ. ಇನ್ನೊಬ್ಬರ ಪಕ್ಕದಲ್ಲಿ ನಿಂತು, ಅವರ ದನಿಗೆ ತಮ್ಮ ದನಿಯನ್ನು ಹೊಂದಿಸುವುದನ್ನು ವರ್ಷಗಟ್ಟಲೆ ಕಲಿತ ಮೇಲೆಯೇ ಸ್ಕ್ಯಾಗ್ಸ್ ವೇದಿಕೆಯ ಮುಂಭಾಗಕ್ಕೆ ಬಂದರು. ಬಂದ ಮೇಲೂ ತಮಗೆ ಕಲಿಸಿದ ಹಿರಿಯರನ್ನು ಹಿಂದೆ ಬಿಡಲಿಲ್ಲ.

ಮೊದಲು ವಾದ್ಯದ ಪರಿಚಯವಾಗಲಿ. ಪರದೆಯ ಮೇಲೆ ನೀವು ನೋಡುತ್ತಿರುವುದು ಮ್ಯಾಂಡೊಲಿನ್. ಎಂಟು ತಂತಿಗಳು, ಎರಡೆರಡರಂತೆ ನಾಲ್ಕು ಜೋಡಿ. ಶ್ರುತಿ ಮಾತ್ರ ಪಾಶ್ಚಾತ್ಯ ಪಿಟೀಲಿನದೇ. ನಮ್ಮಲ್ಲಿ ಮ್ಯಾಂಡೊಲಿನ್ ಎಂದರೆ ಯು. ಶ್ರೀನಿವಾಸ್ ಅವರ ಕಛೇರಿಗಳು ನೆನಪಾಗುತ್ತವೆ, ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಮೇಲೆ ಅವರು ನುಡಿಸುತ್ತಿದ್ದ ಗಮಕಗಳು ನೆನಪಾಗುತ್ತವೆ. ಅಮೆರಿಕದ ಕೆಂಟಕಿ ರಾಜ್ಯದ ಬ್ಲೂಗ್ರಾಸ್‌ನಲ್ಲಿ ಇದೇ ವಾದ್ಯದ ಕೆಲಸ ಬೇರೆ. ಅಲ್ಲಿನ ಸಾಂಪ್ರದಾಯಿಕ ತಂಡದಲ್ಲಿ ಡ್ರಮ್ ಇರುವುದಿಲ್ಲ. ಬೇಸ್ ವಾದ್ಯವು ಮುಖ್ಯ ಘಾತವನ್ನು ಕೊಟ್ಟರೆ, ಎರಡು ಘಾತಗಳ ನಡುವಿನ ಜಾಗದಲ್ಲಿ ಮ್ಯಾಂಡೊಲಿನ್ ವಾದಕ ತಂತಿಗಳನ್ನು ಒಮ್ಮೆಲೇ ಮೀಟಿ, ಮರುಕ್ಷಣವೇ ಎಡಗೈ ಬೆರಳುಗಳ ಒತ್ತನ್ನು ಸಡಿಲಿಸಿ ನಾದವನ್ನು ಕತ್ತರಿಸುತ್ತಾನೆ. ಇದಕ್ಕೆ ಚಾಪ್ ಎನ್ನುತ್ತಾರೆ. ಬೆರಳನ್ನು ಪೂರ್ತಿ ಎತ್ತಿಬಿಟ್ಟರೆ ಖಾಲಿ ತಂತಿ ಮೊಳಗಿಬಿಡುತ್ತದೆ, ಒತ್ತು ಸಡಿಲಿಸುವುದು ತಡವಾದರೆ ಲಯ ಎಳೆದಂತಾಗುತ್ತದೆ. ಗಂಟೆಗಟ್ಟಲೆ ತಂಡದ ಲಯವನ್ನು ಹೀಗೆ ಹಿಡಿದು ನಿಲ್ಲಿಸಿ, ತನ್ನ ಸರದಿ ಬಂದಾಗ ಮಾತ್ರ ರಾಗವನ್ನು ನುಡಿಸುವುದು ಮ್ಯಾಂಡೊಲಿನ್ ವಾದಕನ ಧರ್ಮ.

ಈ ಶೈಲಿಯನ್ನು ರೂಪಿಸಿದವರು 1911ರಲ್ಲಿ ಕೆಂಟಕಿಯ ರೋಸೀನ್‌ನಲ್ಲಿ ಹುಟ್ಟಿದ ಬಿಲ್ ಮನ್ರೋ. ಗಿಟಾರ್ ಹಿಡಿದು ಹಾಡುತ್ತಿದ್ದ ಲೆಸ್ಟರ್ ಫ್ಲ್ಯಾಟ್ ಅವರ ಜೊತೆಗೆ, 1945ರ ಡಿಸೆಂಬರ್‌ನಲ್ಲಿ, ಮೂರು ಬೆರಳುಗಳಿಂದ ಬ್ಯಾಂಜೋ ನುಡಿಸುವ ಅರ್ಲ್ ಸ್ಕ್ರಗ್ಸ್ ಕೂಡ ಮನ್ರೋ ಅವರ ಬ್ಲೂ ಗ್ರಾಸ್ ಬಾಯ್ಸ್ ತಂಡವನ್ನು ಸೇರಿದಾಗ ಬ್ಲೂಗ್ರಾಸ್ ತನ್ನ ಪೂರ್ಣ ರೂಪವನ್ನು ಪಡೆಯಿತು.

ರಿಕಿ ಸ್ಕ್ಯಾಗ್ಸ್ ಹುಟ್ಟಿದ್ದು 1954ರ ಜುಲೈ 18ರಂದು, ಪೂರ್ವ ಕೆಂಟಕಿಯ ಗುಡ್ಡಗಾಡಿನಲ್ಲಿರುವ ಕಾರ್ಡೆಲ್ ಎಂಬ ಪುಟ್ಟ ಊರಿನಲ್ಲಿ. ತಂದೆ ಹೋಬರ್ಟ್ ವೆಲ್ಡಿಂಗ್ ಕೆಲಸ ಮಾಡುತ್ತಿದ್ದವರು. ತಾಯಿ ಡೊರೊಥಿ ಮನೆಯಲ್ಲೂ ಚರ್ಚ್‌ನಲ್ಲೂ ಹಾಡುತ್ತಿದ್ದವರು. ಮಗನಿಗೆ ಐದು ವರ್ಷವಾದಾಗ ಹೋಬರ್ಟ್ ಒಂದು ಮ್ಯಾಂಡೊಲಿನ್ ತಂದುಕೊಟ್ಟು, ಮೂರೇ ಮೂರು ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು, ತೋರಿಸಿ, ದೂರದ ಊರಿನ ಕೆಲಸಕ್ಕೆ ಹೊರಟುಹೋದರು. ಅವರು ಹಿಂತಿರುಗುವ ಹೊತ್ತಿಗೆ ಹುಡುಗ ಆ ಮೂರು ಕಾರ್ಡ್‌ಗಳನ್ನು ಬದಲಿಸುತ್ತ ಹಾಡಿಕೊಳ್ಳುತ್ತಿದ್ದನಂತೆ.

ಮರುವರ್ಷ ಬಿಲ್ ಮನ್ರೋ ಹತ್ತಿರದ ಮಾರ್ಥಾ ಎಂಬ ಊರಿಗೆ ಕಾರ್ಯಕ್ರಮ ಕೊಡಲು ಬಂದರು. ನಮ್ಮೂರಿನ ಪುಟ್ಟ ರಿಕಿ ಸ್ಕ್ಯಾಗ್ಸ್‌ಗೆ ಒಂದು ಹಾಡು ಹಾಡಲು ಬಿಡಿ ಎಂದು ನೆರೆಹೊರೆಯವರು ಸಭೆಯಿಂದಲೇ ಕೂಗಿ ಕೇಳಿದರು. ಮನ್ರೋ ಹುಡುಗನನ್ನು ವೇದಿಕೆಗೆ ಕರೆದು, ತಮ್ಮ ಕೊರಳಿನಲ್ಲಿದ್ದ ಮ್ಯಾಂಡೊಲಿನ್ನನ್ನೇ ತೆಗೆದು, ಅದರ ಪಟ್ಟಿಯನ್ನು ಆ ಪುಟ್ಟ ಮೈಗೆ ಸರಿಹೊಂದುವಂತೆ ಮಾಡಿ, ಅವನ ಹೆಗಲಿಗೆ ಹಾಕಿದರು. ಗಿಬ್ಸನ್ ಕಂಪನಿ 1923ರಲ್ಲಿ ತಯಾರಿಸಿದ್ದ ಆ ಎಫ್-5 ಮ್ಯಾಂಡೊಲಿನ್ ಬ್ಲೂಗ್ರಾಸ್ ಜಗತ್ತಿನ ಅತಿ ಪ್ರಸಿದ್ಧ ವಾದ್ಯ. ತನ್ನ ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಡಲು ಹಿಂಜರಿಯುವ ಸಂಗೀತಗಾರರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಹಾಗಾಗಿ ಆರು ವರ್ಷದ ಅಪರಿಚಿತ ಮಗುವಿನ ಮೇಲೆ ಮನ್ರೋ ಇಟ್ಟ ವಿಶ್ವಾಸ ನನಗೆ ದೊಡ್ಡದಾಗಿ ಕಾಣುತ್ತದೆ.

ಏಳನೆಯ ವಯಸ್ಸಿನಲ್ಲಿ ಹುಡುಗ ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಅವರ ಟೆಲಿವಿಷನ್ ಕಾರ್ಯಕ್ರಮದಲ್ಲಿಯೂ ಕಾಣಿಸಿಕೊಂಡ. ಬಾಲಪ್ರತಿಭೆಗಳ ಕಥೆ ಬಹಳ ಸಲ ಇಲ್ಲಿಗೇ ಮುಗಿದುಹೋಗುತ್ತದೆ. ಸ್ಕ್ಯಾಗ್ಸ್ ಅವರ ಮಟ್ಟಿಗೆ ಹಾಗಾಗದಿರಲು ಒಂದು ಕಾರಣ, ಹದಿಹರೆಯದಲ್ಲಿ ಅವರಿಗೆ ಸಿಕ್ಕ ಗೆಳೆಯ ಕೀತ್ ವಿಟ್ಲಿ. ಇಬ್ಬರೂ ಪೂರ್ವ ಕೆಂಟಕಿಯವರು, ಇಬ್ಬರಿಗೂ ಸ್ಟ್ಯಾನ್ಲಿ ಸಹೋದರರ ಹಾಡುಗಳೆಂದರೆ ಪ್ರಾಣ. ಕಾರ್ಟರ್ ಮತ್ತು ರಾಲ್ಫ್ ಸ್ಟ್ಯಾನ್ಲಿ ಎಂಬ ಆ ಅಣ್ಣತಮ್ಮಂದಿರಲ್ಲಿ ಅಣ್ಣ ಕಾರ್ಟರ್ ಮುಖ್ಯ ದನಿಯಲ್ಲಿ ಹಾಡಿದರೆ, ತಮ್ಮ ರಾಲ್ಫ್ ಅದಕ್ಕಿಂತ ಮೇಲಿನ ಸ್ವರಗಳಲ್ಲಿ ಟೆನರ್ ದನಿ ಕೂಡಿಸುತ್ತಿದ್ದರು. ಕಾರ್ಟರ್ 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ರಾಲ್ಫ್ ಒಬ್ಬರೇ ಕ್ಲಿಂಚ್ ಮೌಂಟನ್ ಬಾಯ್ಸ್ ತಂಡವನ್ನು ಮುಂದುವರಿಸಿದರು.

1970ರ ಸುಮಾರಿಗೆ ವೆಸ್ಟ್ ವರ್ಜೀನಿಯಾದ ಫೋರ್ಟ್ ಗೇ ಎಂಬ ಊರಿನ ಕ್ಲಬ್ ಒಂದರಲ್ಲಿ ರಾಲ್ಫ್ ಅವರ ಕಾರ್ಯಕ್ರಮವಿತ್ತು. ದಾರಿಯಲ್ಲಿ ಗಾಡಿ ತೊಂದರೆ ಕೊಟ್ಟು ಅವರು ತಡವಾಗಿ ಬಂದರು. ಅಷ್ಟರಲ್ಲಿ ಕಾದು ಕುಳಿತಿದ್ದ ಜನರಿಗಾಗಿ ವಿಟ್ಲಿ ಮತ್ತು ಸ್ಕ್ಯಾಗ್ಸ್ ಹಾಡತೊಡಗಿದ್ದರು. ಬಾಗಿಲ ಬಳಿ ಬಂದ ರಾಲ್ಫ್‌ಗೆ, ಒಳಗೆ ಯಾರೋ ತಮ್ಮ ಮತ್ತು ಅಣ್ಣನ ಹಳೆಯ ರೆಕಾರ್ಡ್ ಹಾಕಿದ್ದಾರೆ ಅನ್ನಿಸಿತಂತೆ. ವಿಟ್ಲಿಯ ದನಿಯಲ್ಲಿ ಕಾರ್ಟರ್ ಇದ್ದರು, ಸ್ಕ್ಯಾಗ್ಸ್ ದನಿಯಲ್ಲಿ ರಾಲ್ಫ್ ತಾವೇ ಇದ್ದರು. ಹುಡುಗರಿಬ್ಬರನ್ನೂ ಅವರು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಸತ್ತ ಅಣ್ಣನ ಹಾಡುಗಾರಿಕೆ ಹದಿಹರೆಯದ ಹುಡುಗನೊಬ್ಬನ ಕಂಠದಲ್ಲಿ ಎದುರಾದಾಗ ಒಬ್ಬ ತಮ್ಮನಿಗೆ ಏನಾಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಟೆನರ್ ಹಾಡುವುದೆಂದರೆ ಕೇವಲ ಮೇಲಿನ ಸ್ವರ ಹಿಡಿಯುವುದಲ್ಲ. ಮುಖ್ಯ ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಅಕ್ಷರವನ್ನು ಎಳೆಯುತ್ತಾನೆ, ಸಾಲಿನ ಕೊನೆಯ ಸ್ವರವನ್ನು ಎಲ್ಲಿ ಬಿಡುತ್ತಾನೆ ಎಂಬುದನ್ನೆಲ್ಲ ಅವನಷ್ಟೇ ನಿಖರವಾಗಿ ಅರಿತು ಜೊತೆಗೆ ಸಾಗಬೇಕು. ಸ್ಕ್ಯಾಗ್ಸ್ ಈ ವಿದ್ಯೆಯನ್ನು ಟೆನರ್ ಗಾಯನದ ಮಹಾನ್ ಗಾಯಕನ ಪಕ್ಕದಲ್ಲೇ ನಿಂತು ಕಲಿತರು. ಆದರೂ ಜೀವನ ಸಾಗಿಸುವುದು ಕಷ್ಟವಾಗಿತ್ತು. ಸ್ಟ್ಯಾನ್ಲಿ ತಂಡವನ್ನು ಬಿಟ್ಟ ಮೇಲೆ ಕೆಲಕಾಲ ವಿದ್ಯುತ್ ಕಂಪನಿಯೊಂದರ ಬಾಯ್ಲರ್ ಕೆಲಸಕ್ಕೆ ಸೇರಿಕೊಂಡರು, ಬಳಿಕ ಕಂಟ್ರಿ ಜೆಂಟಲ್‌ಮೆನ್ ತಂಡದಲ್ಲಿ ಪಿಟೀಲು ನುಡಿಸಿದರು. ಅಲ್ಲಿಂದ ಬ್ಯಾಂಜೋ ವಾದಕ ಜೆ. ಡಿ. ಕ್ರೋ ಅವರ ನ್ಯೂ ಸೌತ್ ತಂಡಕ್ಕೆ ಹೋದರು. ಗಿಟಾರ್ ವಾದಕ ಟೋನಿ ರೈಸ್, ಡೋಬ್ರೋ (ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುವ ಗಿಟಾರ್) ವಾದಕ ಜೆರಿ ಡಗ್ಲಸ್ ಕೂಡ ಇದ್ದ ಆ ತಂಡ 1975ರಲ್ಲಿ ರೌಂಡರ್ ಕಂಪನಿಗಾಗಿ ಹೊರತಂದ ಆಲ್ಬಂ ಎಷ್ಟು ಪ್ರಭಾವಶಾಲಿಯೆಂದರೆ, ಇಂದಿಗೂ ವಾದಕರು ಅದನ್ನು ಹೆಸರಿನಿಂದ ಕರೆಯದೆ 0044 ಎಂಬ ಕ್ಯಾಟಲಾಗ್ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ನಂತರ ಡಗ್ಲಸ್ ಜೊತೆ ಬೂನ್ ಕ್ರೀಕ್ ಎಂಬ ಸ್ವಂತ ತಂಡವನ್ನೂ ಕಟ್ಟಿದರು. ಅದು ಹೆಚ್ಚು ಕಾಲ ಬಾಳಲಿಲ್ಲ.

ದಶಕದ ಕೊನೆಯಲ್ಲಿ ಅವರು ಕಂಟ್ರಿ ಗಾಯಕಿ ಎಮ್ಮಿಲೂ ಹ್ಯಾರಿಸ್ ಅವರ ಹಾಟ್ ಬ್ಯಾಂಡ್ ತಂಡವನ್ನು ಸೇರಿದರು. ಮತ್ತೆ ಇನ್ನೊಬ್ಬರ ಪಕ್ಕದ ಜಾಗವೇ, ಮತ್ತೆ ಜೊತೆದನಿಯೇ. ಆದರೆ ಈ ಬಾರಿ ಕೇಳುಗರ ಸಂಖ್ಯೆ ದೊಡ್ಡದಿತ್ತು. 1980ರಲ್ಲಿ ಹ್ಯಾರಿಸ್ ಹೊರತಂದ ಬ್ಲೂಗ್ರಾಸ್ ಛಾಯೆಯ ಆಲ್ಬಂನ ಸಂಯೋಜನೆಯಲ್ಲಿ ಸ್ಕ್ಯಾಗ್ಸ್ ಕೈ ಸ್ಪಷ್ಟವಾಗಿ ಕಾಣುತ್ತದೆ. ಪಾಪ್ ಸಂಗೀತದತ್ತ ವಾಲುತ್ತಿದ್ದ ಕಂಟ್ರಿ ಮಾರುಕಟ್ಟೆಯಲ್ಲಿ ಅಂಥ ಆಲ್ಬಂ ಯಶಸ್ವಿಯಾದದ್ದು, ಮುಂದೆ ಅವರು ಇಡಲಿದ್ದ ಹೆಜ್ಜೆಗೆ ನೆಲ ಹದಮಾಡಿತು.

1981ರಲ್ಲಿ ಎಪಿಕ್ ಕಂಪನಿಯಿಂದ ಅವರ ಮೊದಲ ದೊಡ್ಡ ಆಲ್ಬಂ ಬಂತು. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ ಆಗ ಗಾಯಕನೇ ತನ್ನ ಆಲ್ಬಂನ ನಿರ್ಮಾಣವನ್ನು ವಹಿಸಿಕೊಳ್ಳುವುದು ಅಪರೂಪ. ಸ್ಕ್ಯಾಗ್ಸ್ ಆ ಹೊಣೆಯನ್ನು ತಾವೇ ಹೊತ್ತರು. ಡ್ರಮ್, ಎಲೆಕ್ಟ್ರಿಕ್ ಗಿಟಾರ್, ಸ್ಟೀಲ್ ಗಿಟಾರ್ ಎಲ್ಲವನ್ನೂ ಬಳಸಿದರೂ, ಪಿಟೀಲು ಮತ್ತು ಮ್ಯಾಂಡೊಲಿನ್ ಮುಖ್ಯಸ್ಥಾನದಲ್ಲೇ ಉಳಿದವು. ಹಾಡುಗಳನ್ನೂ ಹಳೆಯ ಗಣಿಯಿಂದಲೇ ತೆಗೆದರು. 1982ರಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತಾ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಅವರ ಮೊದಲ ಹಾಡು ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ಹಿಂದೆಯೇ ಹಾಡಿದ್ದ ಹಾಡು. ಅದೇ ವರ್ಷ ಕಂಟ್ರಿ ಸಂಗೀತದ ಪ್ರತಿಷ್ಠಿತ ರೇಡಿಯೋ ಕಾರ್ಯಕ್ರಮವಾದ ಗ್ರಾಂಡ್ ಓಲ್ ಆಪ್ರಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಾಗ, ಆಗಿನ ಸದಸ್ಯರಲ್ಲೇ ಅವರು ಅತಿ ಕಿರಿಯರು. ಅಲ್ಲಿಂದ ಆ ದಶಕ ಮುಗಿಯುವುದರೊಳಗೆ ಹತ್ತಕ್ಕೂ ಹೆಚ್ಚು ಹಾಡುಗಳು ಪಟ್ಟಿಯ ತುದಿ ಮುಟ್ಟಿದವು.

ಅವುಗಳಲ್ಲಿ ಒಂದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಿಲ್ ಮನ್ರೋ ಚಿಕ್ಕ ವಯಸ್ಸಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಪೆಂಡಲ್ಟನ್ ವ್ಯಾಂಡಿವರ್ ಎಂಬ ಸೋದರಮಾವನ ಜೊತೆ ಬೆಳೆದವರು. ಊರಿನ ನೃತ್ಯಕೂಟಗಳಲ್ಲಿ ಪಿಟೀಲು ನುಡಿಸುತ್ತಿದ್ದ ಆ ಮಾವನ ಜೊತೆ ಹೋಗಿ ತಾಳ ಹಿಡಿಯುತ್ತಲೇ ಅವರು ಸಂಗೀತ ಕಲಿತರು. ಮಾವನ ನೆನಪಿಗಾಗಿ ಅವರು ಕಟ್ಟಿದ ಅಂಕಲ್ ಪೆನ್ ಎಂಬ ಹಾಡನ್ನು ಸ್ಕ್ಯಾಗ್ಸ್ 1984ರಲ್ಲಿ ಹಾಡಿ ಮೊದಲ ಸ್ಥಾನಕ್ಕೆ ಒಯ್ದರು. ಬ್ಲೂಗ್ರಾಸ್ ಹಾಡೊಂದು ಕಂಟ್ರಿ ಪಟ್ಟಿಯ ತುದಿಗೇರಿ ಆಗ ಎರಡು ದಶಕಗಳೇ ಕಳೆದಿದ್ದವು. ಮಾವನಿಂದ ಮನ್ರೋಗೆ, ಮನ್ರೋರಿಂದ ಸ್ಕ್ಯಾಗ್ಸ್‌ಗೆ ಬಂದ ವಿದ್ಯೆ ಅಮೆರಿಕದ ಕಂಟ್ರಿ ರೇಡಿಯೋಗಳಲ್ಲಿ ಮೊಳಗಿತು. ಮರುವರ್ಷದ ಇನ್ನೊಂದು ಹಾಡಿನ ವಿಡಿಯೋವನ್ನು ನ್ಯೂಯಾರ್ಕ್ ನಗರದಲ್ಲಿ ಚಿತ್ರಿಸಿದಾಗ, ಎಪ್ಪತ್ತು ದಾಟಿದ್ದ ಮನ್ರೋ ಅವರನ್ನೇ ಕರೆತಂದರು. ಅದರಲ್ಲಿ ಮನ್ರೋ ಸಬ್‌ವೇ ರೈಲಿನೊಳಗೆ ಹೆಜ್ಜೆಹಾಕಿ ಕುಣಿಯುತ್ತಾರೆ. 1985ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಸ್ಕ್ಯಾಗ್ಸ್‌ಗೆ ವರ್ಷದ ಮನರಂಜನಾಕಾರ ಎಂಬ ತನ್ನ ಅತ್ಯುನ್ನತ ಪ್ರಶಸ್ತಿಯನ್ನು ಕೊಟ್ಟಿತು.

ಅವರ ಪತ್ನಿ ಶ್ಯಾರನ್ ವೈಟ್ ಕೂಡ ತಂದೆ ಮತ್ತು ತಂಗಿಯೊಂದಿಗೆ ದಿ ವೈಟ್ಸ್ ತಂಡದಲ್ಲಿ ಹಾಡುತ್ತಿದ್ದವರು. 1981ರಲ್ಲಿ ಮದುವೆಯಾದ ಈ ದಂಪತಿ 1987ರಲ್ಲಿ ಯುಗಳ ಗಾಯನಕ್ಕೆ ಅದೇ ಸಂಸ್ಥೆಯ ಪ್ರಶಸ್ತಿ ಪಡೆದರು. ತೊಂಬತ್ತರ ದಶಕದಲ್ಲಿ ಕಂಟ್ರಿ ರೇಡಿಯೋದ ರುಚಿ ಬದಲಾಯಿತು, ಸ್ಕ್ಯಾಗ್ಸ್ ಹಾಡುಗಳು ಪಟ್ಟಿಯಿಂದ ದೂರ ಸರಿದವು. ಆತ್ಮೀಯ ಗೆಳೆಯ ವಿಟ್ಲಿ ಕಂಟ್ರಿ ಗಾಯಕನಾಗಿ ಉತ್ತುಂಗಕ್ಕೇರುತ್ತಿದ್ದಾಗಲೇ 1989ರಲ್ಲಿ ಮದ್ಯದ ಕಾರಣದಿಂದ ತೀರಿಕೊಂಡಿದ್ದರು. 1996ರಲ್ಲಿ ಮೊದಲ ವಾದ್ಯ ಕೊಟ್ಟ ತಂದೆ ಹೋದರು. ಅದೇ ವರ್ಷದ ಸೆಪ್ಟೆಂಬರ್ 9ರಂದು ಮನ್ರೋ ಕೂಡ ಹೋದರು.

ಮರುವರ್ಷವೇ ಸ್ಕ್ಯಾಗ್ಸ್ ಪೂರ್ತಿಯಾಗಿ ಬ್ಲೂಗ್ರಾಸ್‌ಗೆ ಮರಳಿದರು. ಸೋತವನ ಹಿಮ್ಮೆಟ್ಟುವಿಕೆ ಎಂದು ಇದನ್ನು ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಳೆಯ ಜನಪ್ರಿಯ ಹಾಡುಗಳನ್ನೇ ಊರೂರಿಗೆ ಹೋಗಿ ಹಾಡಿಕೊಂಡು ಅವರು ಆರಾಮವಾಗಿ ಇರಬಹುದಿತ್ತು. ಅದರ ಬದಲು ಸ್ಕ್ಯಾಗ್ಸ್ ಫ್ಯಾಮಿಲಿ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿಯನ್ನು ತೆರೆದು, ಕೆಂಟಕಿ ಥಂಡರ್ ಎಂಬ ತಂಡದಲ್ಲಿ ತಮಗಿಂತ ಎಷ್ಟೋ ಕಿರಿಯರಾದ ವಾದಕರನ್ನು ಸೇರಿಸಿಕೊಂಡು, ಡ್ರಮ್ಮೂ ಇಲ್ಲದ, ರೇಡಿಯೋ ಬೆಂಬಲವೂ ಇಲ್ಲದ ಸಂಗೀತಕ್ಕೆ ತಮ್ಮ ಹೆಸರನ್ನೂ ಹಣವನ್ನೂ ಒಡ್ಡಿದರು. 1997ರ ಬ್ಲೂಗ್ರಾಸ್ ರೂಲ್ಸ್ ಆಲ್ಬಂ ಗ್ರ್ಯಾಮಿ ಪಡೆಯಿತು, ಅದರ ಬೆನ್ನಿಗೇ ಇನ್ನೂ ಹಲವು ಬಂದವು. 2018ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಮತ್ತು ಬ್ಲೂಗ್ರಾಸ್ ಹಾಲ್ ಆಫ್ ಫೇಮ್ ಎರಡೂ ಒಂದೇ ವರ್ಷದಲ್ಲಿ ಅವರನ್ನು ಬರಮಾಡಿಕೊಂಡವು.

ಅವರ ಸಂಗೀತವನ್ನು ಮೊದಲ ಬಾರಿಗೆ ಕೇಳುವವರು 1980ರಲ್ಲಿ ಟೋನಿ ರೈಸ್ ಜೊತೆ ಮಾಡಿದ ಸ್ಕ್ಯಾಗ್ಸ್ ಅಂಡ್ ರೈಸ್ ಆಲ್ಬಂನಿಂದ ಶುರು ಮಾಡಿ ಎಂಬುದು ನನ್ನ ಸಲಹೆ. ಅದರಲ್ಲಿರುವುದು ಒಂದು ಗಿಟಾರ್, ಒಂದು ಮ್ಯಾಂಡೊಲಿನ್, ಎರಡು ಕಂಠ, ಅಷ್ಟೇ. ಮೊದಲ ಸಲ ಇಡೀ ಹಾಡನ್ನು ಕೇಳಿ. ಎರಡನೆಯ ಸಲ ಮೇಲಿನ ದನಿಯೊಂದನ್ನೇ ಹಿಂಬಾಲಿಸಿ, ರೈಸ್ ಸಾಲು ಮುಗಿಸುವಲ್ಲಿ ಸ್ಕ್ಯಾಗ್ಸ್ ಹೇಗೆ ಅದೇ ಗಳಿಗೆಗೆ ನಿಲ್ಲುತ್ತಾರೆಂದು ಗಮನಿಸಿ. ಅದಾದ ಮೇಲೆ ಅಂಕಲ್ ಪೆನ್ ಹಾಕಿ. ಮನ್ರೋ ಅವರ ಮೂಲ ಧ್ವನಿಮುದ್ರಣ ಮೊದಲು, ಸ್ಕ್ಯಾಗ್ಸ್ ಹಾಡಿದ್ದು ಆಮೇಲೆ.