ಎಲ್ಲರ ಮನೆಯ ಹಾಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ವಾರಕ್ಕೊಂದು ಸೆಮಿನಾರ್. ಈ ಸಲದ ವಿಷಯ ಸಾಂಸ್ಕೃತಿಕ ವೈವಿಧ್ಯ. ಹಾಗೆಂದ ಕೂಡಲೇ ಮಕ್ಕಳಿಗೆ ದಸರಾ ಮೆರವಣಿಗೆ ನೆನಪಾಗುತ್ತದೆ. ಕಂಸಾಳೆ, ಡೊಳ್ಳು, ವೀರಗಾಸೆ, ಹಿಂದೆ ಸ್ತಬ್ಧಚಿತ್ರಗಳು. ಅದೆಲ್ಲ ಬೇಡ, ಮನೆಯಲ್ಲಿ ರಾತ್ರಿ ಊಟ ಹೇಗೆ ನಡೆಯುತ್ತದೆ ಅಂತ ಒಂದು ಪುಟ ಬರೆದುಕೊಂಡು ಬನ್ನಿ ಅಂದೆ. ಬಡಿಸಿದವರು ಯಾರು, ಮೊದಲು ಉಂಡವರು ಯಾರು, ಕೊನೆಗೆ ಉಂಡವರು ಯಾರು, ತಟ್ಟೆ ತೊಳೆದವರು ಯಾರು. ಅಷ್ಟೇ. ನಾನೂ ಒಂದು ಪುಟ ಬರೆದೆ.

ಮರುವಾರ ಹಾಳೆಗಳು ಬಂದವು. ಓದುತ್ತಾ ಹೋದಂತೆ ಒಂದೇ ಮಾತು ಮತ್ತೆ ಮತ್ತೆ ಸಿಕ್ಕಿತು. ‘ಎಲ್ಲರ ಮನೆಯ ಹಾಗೆ.’ ಎಲ್ಲರ ಮನೆಯ ಹಾಗೆ ನಮ್ಮಲ್ಲೂ ರಾತ್ರಿ ಮುದ್ದೆ. ಎಲ್ಲರ ಮನೆಯ ಹಾಗೆ ನಾವೂ ಸೋಮವಾರ ಮಾಂಸ ಮಾಡುವುದಿಲ್ಲ. ಎಲ್ಲರ ಮನೆಯ ಹಾಗೆ ಗಂಡಸರದ್ದು ಆದಮೇಲೆ ಹೆಂಗಸರ ಊಟ. ಮಂಡಿ ಮೊಹಲ್ಲಾದ ಹುಡುಗ ಎಲ್ಲರ ಮನೆಯ ಹಾಗೆ ದಸ್ತರಖಾನ್ ಅನ್ನುವ ಊಟದ ಬಟ್ಟೆ ಹಾಸಿ ಸುತ್ತ ಕೂರುತ್ತೇವೆ ಅಂತ ಬರೆದಿದ್ದ. ಈ ‘ಎಲ್ಲರು’ ಯಾರು? ಆ ಮಾತಿನ ಕೆಳಗೆ ಗೆರೆ ಎಳೆದು, ಪಕ್ಕದವರ ಜೊತೆ ಹಾಳೆ ಬದಲಿಸಿಕೊಂಡು ಓದಿ ಅಂದೆ. ಐದು ನಿಮಿಷ ಕ್ಲಾಸಿನಲ್ಲಿ ಸದ್ದೇ ಇರಲಿಲ್ಲ.

ಬೈಲುಕುಪ್ಪೆಯಿಂದ ಬರುವ ಒಬ್ಬ ಟಿಬೆಟನ್ ಹುಡುಗಿ ಇದ್ದಾಳೆ. 1960ರ ದಶಕದ ಶುರುವಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಆ ನಿರಾಶ್ರಿತರ ನೆಲೆ ಆಯಿತಲ್ಲ, ಆಗ ಬಂದವರ ಮೊಮ್ಮಗಳು. ಹುಟ್ಟಿದ್ದು ಇಲ್ಲೇ. ಅವರ ಮನೆಯಲ್ಲಿ ನೆಂಟರು ಬೆಣ್ಣೆ ಉಪ್ಪು ಹಾಕಿದ ಚಹಾವನ್ನು ಒಂದು ಗುಟುಕು ಕುಡಿದರೆ ಸಾಕು, ಬಟ್ಟಲು ಮತ್ತೆ ತುಂಬಿಸುತ್ತಾರಂತೆ. ತುಂಬಿದ ಬಟ್ಟಲು ಹಾಗೇ ಇರಬೇಕು, ಹೊರಡುವಾಗ ಖಾಲಿ ಮಾಡಬೇಕು. ಆಕೆ ಮೊದಲ ಸಲ ಗೆಳತಿಯ ಮನೆಗೆ ಹೋದಾಗ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಗೆಳತಿಯ ತಾಯಿ ಮುಖ ಸಣ್ಣ ಮಾಡಿಕೊಂಡು, ‘ಯಾಕಮ್ಮ, ಸೇರಲಿಲ್ವಾ?’ ಅಂದರಂತೆ. ಇಬ್ಬರದ್ದೂ ಉಪಚಾರವೇ.

ಎಚ್.ಡಿ. ಕೋಟೆಯ ಒಂದು ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬರುವ ಜೇನುಕುರುಬರ ಹುಡುಗ ಊಟದ ವಿಷಯ ಬರೆದೇ ಇರಲಿಲ್ಲ. ಅವರ ಅಜ್ಜಿ ಹುಟ್ಟಿದ ಹಾಡಿ ಕಾಡಿನ ಒಳಗಿತ್ತು. ಅಲ್ಲಿಂದ ಎಬ್ಬಿಸಿದ ಮೇಲೆ ಈಗಿರುವುದು ರಸ್ತೆ ಪಕ್ಕದ ಕಾಲೊನಿ. ಆದರೂ ಊರು ಯಾವುದು ಅಂತ ಕೇಳಿದರೆ ಅಜ್ಜಿ ಇವತ್ತಿಗೂ ಕಾಡೊಳಗಿನ ಹೆಸರನ್ನೇ ಹೇಳುತ್ತಾರೆ. ಇಷ್ಟು ಬರೆದು, ಕೊನೆಗೆ ಇನ್ನೊಂದು ಸಾಲು: ‘ಕಾಲೇಜಿನಲ್ಲಿ ನನ್ನನ್ನು ಏನಾದರೂ ಕೇಳುವುದು ರಾಜ್ಯೋತ್ಸವದ ದಿನ ಮಾತ್ರ, ನಿಮ್ಮ ಕುಣಿತ ಮಾಡಿ ತೋರಿಸು ಅಂತ.’ ಆ ಹಾಳೆ ನನ್ನನ್ನು ಬಹಳ ಕಾಡಿತು. ಮೂರು ವರ್ಷ ನನ್ನೆದುರಿಗೇ ಕೂತಿದ್ದ ಹುಡುಗ. ಮನೆಯಲ್ಲಿ ಯಾವ ಮಾತಾಡುತ್ತೀಯಪ್ಪ ಅಂತ ನಾನೂ ಕೇಳಿರಲಿಲ್ಲ.

ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ದೊಡ್ಡ ಸಮಾಜಶಾಸ್ತ್ರಜ್ಞರಾದರು. ಮನೆ ಇದ್ದದ್ದು ಕಾಲೇಜು ರಸ್ತೆಯಲ್ಲಿ, ಅಯ್ಯಂಗಾರ್ ಮನೆತನ. ಹಿತ್ತಿಲ ಗೋಡೆ ದಾಟಿ ಸ್ವಲ್ಪ ದೂರ ನಡೆದರೆ ಬಂಡಿಕೇರಿ, ಕುರುಬರು ಇದ್ದ ಕೇರಿ. ಅಲ್ಲಿಯ ನೋಟ ಬೇರೆ, ವಾಸನೆಯೂ ಬೇರೆ. ಬೇರೆಯೇ ಲೋಕವೊಂದನ್ನು ಹುಡುಗನಾಗಿದ್ದಾಗ ತಾನು ಮೊದಲು ಕಂಡದ್ದು ಅಲ್ಲಿ ಅಂತ ಅವರು ಮುಪ್ಪಿನಲ್ಲಿ ನೆನೆದು ಬರೆದರು. ಆಕ್ಸ್‌ಫರ್ಡಿಗೂ ಹೋಗಿ ಬಂದವರು ಅವರು. ನಾನು ಮಕ್ಕಳಿಗೆ ಇದನ್ನು ಹೇಳಿ ಒಂದು ಪ್ರಶ್ನೆ ಸೇರಿಸಿದೆ: ಬಂಡಿಕೇರಿಯ ಹುಡುಗನೊಬ್ಬ ಅದೇ ಗೋಡೆಯ ಮೇಲಿಂದ ಈಚೆಗೆ ಇಣುಕಿದ್ದರೆ ಏನು ಬರೆಯುತ್ತಿದ್ದ?

ಆಮೇಲೆ ನನ್ನ ಹಾಳೆ ಓದಿದೆ. ‘ಅಮ್ಮ ಬಡಿಸಿದರು, ನಾವೆಲ್ಲ ಊಟ ಮಾಡಿದೆವು...’ ಹಿಂದಿನ ಬೆಂಚಿನಿಂದ ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ಮೇಡಂ, ನೀವೂ ಮಂಡ್ಯದ ಕಡೆಯವರಲ್ವಾ? ಮನೇಲಿ ಅಮ್ಮ ಅಂತೀರಾ, ಅವ್ವ ಅಂತೀರಾ?’

ಅವ್ವ ಅಂತೀನಿ. ಹದಿನೇಳರ ವಯಸ್ಸಿನಲ್ಲಿ ಮೈಸೂರಿನ ಹಾಸ್ಟೆಲ್ಲಿಗೆ ಬಂದ ಮೊದಲ ತಿಂಗಳಲ್ಲೇ ನನ್ನ ಅವ್ವ ಅಮ್ಮ ಆದಳು. ನನಗೆ ಯಾರೂ ಹೇಳಿಕೊಡಲಿಲ್ಲ. ಸುತ್ತ ಇದ್ದವರ ಮುಖ ನೋಡಿ ನಾನೇ ಬದಲಿಸಿಕೊಂಡೆ. ಅದನ್ನು ನಾನು ಮರೆತೇಬಿಟ್ಟಿದ್ದೆ.

ಆ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಒಂದು ದಿನ ಗಟ್ಟಿಯಾಗಿ ಓದುತ್ತಿದ್ದಾಗ ನಾನು ನಡುವೆ ತಡೆದಿದ್ದೆ. ‘ಆಲು ಅಲ್ಲಮ್ಮ, ಹಾಲು ಅನ್ನು.’ ಅಲ್ಲಿಂದಾಚೆಗೆ ಅವಳು ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಳಗನ್ನಡದಲ್ಲಿ ಅದು ಪಾಲ್. ನಡುಗನ್ನಡಕ್ಕೆ ಬರುವ ಹೊತ್ತಿಗೆ ಪಕಾರ ಹಕಾರವಾಗಿ ಹಾಲು ಆಯಿತು. ನಮ್ಮ ಕಡೆಯ ಬಾಯಲ್ಲಿ ಆ ಹಕಾರವೂ ಉದುರಿ ಆಲು ಆಯಿತು. ಪಾಲು ಹಾಲಾದದ್ದು ಭಾಷೆಯ ಬೆಳವಣಿಗೆ, ಹಾಲು ಆಲಾದದ್ದು ಮಾತ್ರ ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳಿದೆ? ಪರೀಕ್ಷೆಯಲ್ಲಿ ಹಾಲು ಅಂತಲೇ ಬರೆಯಬೇಕು, ಅದು ಸರಿ, ಅದನ್ನು ಕಲಿಸಲೇಬೇಕು. ಆದರೆ ಅವತ್ತು ನಾನು ತಿದ್ದಿದ್ದು ಬರಹವನ್ನಲ್ಲ. ನನ್ನಲ್ಲಿ ನಾನೇ ಅಡಗಿಸಿಟ್ಟಿದ್ದನ್ನು ಅವಳ ಬಾಯಲ್ಲಿ ಕೇಳಿ ನನಗೆ ಸಹಿಸಲಾಗಲಿಲ್ಲ.

ಎಲ್ಲರ ಎದುರಿಗೆ ಅವಳಿಗೆ ಇಷ್ಟನ್ನೂ ಹೇಳಿದೆ. ನನ್ನ ಹಾಳೆಯಲ್ಲಿ ಅಮ್ಮ ಅನ್ನುವುದನ್ನು ಹೊಡೆದು ಅವ್ವ ಅಂತ ಬರೆದೆ. ನಿನ್ನದು ಓದವ್ವ ಅಂದೆ.

ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ನಿಂತಳು. ಹಾಳೆಯಲ್ಲಿ ಬರೆದದ್ದು ಪುಸ್ತಕದ ಕನ್ನಡ. ಅದನ್ನು ಮಡಿಸಿ ಬೆಂಚಿನ ಮೇಲಿಟ್ಟು, ಬಾಯಿಮಾತಿನಲ್ಲೇ ಶುರು ಮಾಡಿದಳು.

‘ನಮ್ಮವ್ವ ಡೈರಿಗೆ ಆಲಾಕ್ಬುಟ್ಟು ಬಂದು ಒಲೆ ಮುಂದೆ ಕುಂತ್ಕಂಡ್ಲು...’

ನಮಸ್ಕಾರ.