ವಾರ್ಟನ್ ಊರಿನ ಹಾರ್ಟನ್ ಫೂಟ್

ಹಾಯ್ ಎಲ್ಲರಿಗೂ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಟೆಕ್ಸಸ್‌ನ ವಾರ್ಟನ್. ಹ್ಯೂಸ್ಟನ್‌ನಿಂದ ಸುಮಾರು ಒಂದು ಗಂಟೆ ದಾರಿ. ಸುಮ್ನೆ ನೋಡಿದರೆ ಇಂಥ ಊರಲ್ಲಿ ಏನು ಕಥೆ ಸಿಗುತ್ತೆ ಅನ್ನಿಸುತ್ತೆ. ಆದರೆ ಇಲ್ಲೇ ಹುಟ್ಟಿದ ನಾಟಕಕಾರ, ಚಿತ್ರಕಥೆಗಾರ ಹಾರ್ಟನ್ ಫೂಟ್, ಈ ಊರಿಗೆ ಹ್ಯಾರಿಸನ್ ಅಂತ ಬೇರೆ ಹೆಸರಿಟ್ಟು ಜೀವಮಾನವಿಡೀ ಬರೆದರು.

ಹುಟ್ಟಿದ್ದು 1916ರಲ್ಲಿ. ಅಪ್ಪನದು ಬಟ್ಟೆ ಅಂಗಡಿ, ಮಗನಿಗೆ ನಟನಾಗುವ ಹುಚ್ಚು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಟನೆ ಕಲಿತು ನ್ಯೂಯಾರ್ಕ್ ಸೇರಿದರು. ಅಲ್ಲಿ ನೃತ್ಯ ಸಂಯೋಜಕಿ ಆಗ್ನೆಸ್ ಡಿ ಮಿಲ್, ನೀವ್ಯಾಕೆ ಬರೆಯಬಾರದು ಅಂದರು. ಬರೆಯೋಕೆ ಕೂತಾಗ ಕೈಗೆ ಬಂದಿದ್ದು ತಮ್ಮ ಊರೇ.

ನನಗೆ ತುಂಬಾ ಇಷ್ಟ 'ದಿ ಟ್ರಿಪ್ ಟು ಬೌಂಟಿಫುಲ್'. 1953ರಲ್ಲಿ ಟಿವಿಗೆ ಬರೆದ ನಾಟಕ, ಅದೇ ವರ್ಷ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಕ್ಕೂ ಬಂತು. ಹ್ಯೂಸ್ಟನ್‌ನ ಇಕ್ಕಟ್ಟಾದ ಮನೆ. ಮಗ, ಸೊಸೆ, ಅತ್ತೆ. ಅತ್ತೆ ಭಜನೆಯಂಥ ಹಾಡು ಗುನುಗಿದರೂ ಸೊಸೆಗೆ ಸಿಟ್ಟು. ಮುದುಕಿ ಪೆನ್ಶನ್ ಚೆಕ್ ಬಚ್ಚಿಟ್ಟುಕೊಂಡು, ಯಾರಿಗೂ ಹೇಳದೆ ತನ್ನ ಹಳ್ಳಿ ಬೌಂಟಿಫುಲ್ ನೋಡೋಕೆ ಬಸ್ ಹತ್ತುತ್ತಾಳೆ. ಪಕ್ಕದ ಸೀಟಿನ ಹುಡುಗಿಗೆ ಹೇಳಿಬಿಡುತ್ತಾಳೆ: ಗಂಡನನ್ನು ನಾನು ಪ್ರೀತಿಸಲೇ ಇಲ್ಲ, ಮನಸ್ಸಿದ್ದದ್ದು ಬೇರೊಬ್ಬನ ಮೇಲೆ. ಅಳು ಇಲ್ಲ, ಕಿರುಚಾಟ ಇಲ್ಲ. ಗುರುತಿಲ್ಲದವರ ಮುಂದೆ ಬಾಯಿ ಸಲೀಸಾಗಿ ಬಿಚ್ಚುತ್ತೆ, ಅಲ್ವಾ? 1985ರ ಸಿನಿಮಾದಲ್ಲಿ ಈ ಪಾತ್ರ ಮಾಡಿದ ಜೆರಾಲ್ಡೀನ್ ಪೇಜ್‌ಗೆ ಆಸ್ಕರ್ ಬಂತು.

ಫೂಟ್ ಅವರಿಗೇ ಎರಡು ಆಸ್ಕರ್. ಮೊದಲನೆಯದು 'ಟು ಕಿಲ್ ಎ ಮಾಕಿಂಗ್‌ಬರ್ಡ್' ಚಿತ್ರಕಥೆಗೆ. ತಮಗೆಲ್ಲಿ ಬರುತ್ತೆ ಅಂದುಕೊಂಡು ಸಮಾರಂಭಕ್ಕೇ ಹೋಗಿರಲಿಲ್ಲ! ಅದರಲ್ಲಿ ಮಾತೇ ಇಲ್ಲದ ಬೂ ರ‍್ಯಾಡ್ಲಿ ಪಾತ್ರಕ್ಕೆ ನಟ ರಾಬರ್ಟ್ ಡುವಾಲ್ ಹೆಸರು ಹೇಳಿದ್ದೂ ಇವರೇ. ಮುಂದೆ 1983ರ 'ಟೆಂಡರ್ ಮರ್ಸೀಸ್' ಸಿನಿಮಾ ಫೂಟ್, ಡುವಾಲ್ ಇಬ್ಬರಿಗೂ ಆಸ್ಕರ್ ತಂದಿತು. ಅದರಲ್ಲಿ ಕುಡಿತ ಬಿಟ್ಟ ಗಾಯಕ ತರಕಾರಿ ತೋಟದಲ್ಲಿ ಕೆಲಸ ಮಾಡುತ್ತಲೇ, ತಾನು ಇಷ್ಟಪಟ್ಟ ಹೆಣ್ಣಿನ ಹತ್ತಿರ ಮದುವೆ ವಿಷಯ ಎತ್ತುತ್ತಾನೆ. ಆಕೆ ಯೋಚಿಸುತ್ತೇನೆ ಅನ್ನುತ್ತಾಳೆ. ಮದುವೆಯನ್ನು ತೋರಿಸೋದೇ ಇಲ್ಲ, ಮುಂದೆ ಅವರು ಗಂಡ ಹೆಂಡತಿ. ಬೇರೆಯವರಾಗಿದ್ದರೆ ಅಲ್ಲೊಂದು ಹಾಡು ತುರುಕಿರುತ್ತಿದ್ದರು.

1995ರಲ್ಲಿ 'ದಿ ಯಂಗ್ ಮ್ಯಾನ್ ಫ್ರಮ್ ಅಟ್ಲಾಂಟಾ' ನಾಟಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅಷ್ಟಕ್ಕೆ ಪೆನ್ನು ಕೆಳಗಿಡಲಿಲ್ಲ. 2009ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ, ಅಪ್ಪನ ಕಥೆ ಆಧರಿಸಿ ಬರೆದ ಒಂಬತ್ತು ನಾಟಕಗಳನ್ನು ಹೊಸದಾಗಿ ರಂಗಕ್ಕೆ ತರೋಕೆ ತಿದ್ದುತ್ತಿದ್ದರು.